ಹಳೆ ಕಾರಿಗೆ ಟಾಕಿ ಕೂಡಿಸುವ ಕೆಲಸ

ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯಲ್ಲಿ ಹಳೆ ಗಾಡಿ ಎಂದರೆ ರಾಜಮಹಾರಾಜರ ಗಾಡಿಯಲ್ಲ. ಅಂಥದ್ದು ನೋಡಬೇಕೆಂದರೆ ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋಗಬೇಕು. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಹೇಳಿ ಮಾಡಿಸಿದ 1912ರ ಹಳದಿ ರೋಲ್ಸ್ ರಾಯ್ಸ್ ಅಲ್ಲಿದೆ. ಆ ಕಾರು ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ನಮ್ಮ ಕಡೆಯ ಹಳೆ ಗಾಡಿಗಳ ವಂಶಾವಳಿ ಬೇರೆ: ಸಾಹೇಬರು ಓಡಾಡಿದ ಅಂಬಾಸಿಡರ್, ದಾಲ್ ಮಿಲ್ಲಿನವರ ಪದ್ಮಿನಿ, ಫರಸಿ ಖಣಿಯ ಧೂಳು ಕುಡಿದ ಮಹೀಂದ್ರ ಜೀಪು. ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಮುಂಬೈಯ ಕುರ್ಲಾದಲ್ಲಿ ಪದ್ಮಿನಿ ಅದಕ್ಕೂ ಮೊದಲೇ ಮುಗಿದಿತ್ತು. ಈಗ ಇವುಗಳನ್ನು ಶೆಡ್ಡಿನಿಂದ ಹೊರಗೆಳೆದು ಮತ್ತೆ ರಸ್ತೆಗಿಳಿಸುವ ಆಸೆ ಹುಟ್ಟಿದವರಿಗೆ ಮೊದಲು ಎದುರಾಗುವ ತಾಪತ್ರಯ ಇಂಜಿನ್ ಅಲ್ಲ, ಪೆಟ್ರೋಲ್ ಟಾಕಿ. ವರ್ಷಗಟ್ಟಲೆ ನಿಂತ ಗಾಡಿಯ ಇಂಜಿನ್ ಹೇಗೋ ತಿರುಗುತ್ತದೆ. ಟಾಕಿ ಮಾತ್ರ ಒಳಗೊಳಗೇ ಕೊಳೆತಿರುತ್ತದೆ.

"ಟಾಕಿ ಸೋರಕತ್ತದ್ರಿ, ಹೊಸಾದು ಹಾಕಬೇಕು" ಎಂದು ಮಿಸ್ತ್ರಿ ಹೇಳಿದ ಕೂಡಲೇ ಮಾಲೀಕರಲ್ಲಿ ಮೂರು ಪಂಥ ಕಾಣುತ್ತವೆ. ಇದ್ದುದಕ್ಕೇ ತೇಪೆ ಹಾಕಿಸುವವರು, ತಗಡು ಕತ್ತರಿಸಿ ಹೊಸದು ಮಾಡಿಸುವವರು, ಗುಜರಿಯಿಂದ ಬೇರೆ ಗಾಡಿಯ ಟಾಕಿ ತಂದು ಜೋಡಿಸುವವರು. ವಾದ ನಡೆಯುವುದೆಲ್ಲ ಟಾಕಿಯ ಲೋಹದ ಬಗ್ಗೆ. ಕೂಡಿಸಿದ ಬಗೆಯನ್ನು ಯಾರೂ ಕೇಳುವುದಿಲ್ಲ. ಆದರೆ ಬಿಚ್ಚಿದ ಹಳೆ ಟಾಕಿಯನ್ನು ತಿರುಗಿಸಿ ನೋಡಿದರೆ ತೂತು ಬಿದ್ದ ಜಾಗವೇ ಕಥೆ ಹೇಳುತ್ತದೆ: ಪಟ್ಟಿ ಉಜ್ಜಿದ ಗೆರೆಯ ಮೇಲೆ, ನೀರು ಹಿಡಿದ ಫೆಲ್ಟಿನ ಕೆಳಗೆ, ಬೋಲ್ಟು ಎಳೆದ ಮೂಲೆಯಲ್ಲಿ, ಕೊಳವೆಯ ಬುಡದಲ್ಲಿ. ಟಾಕಿ ತಾನಾಗಿ ಕೆಡುವುದಕ್ಕಿಂತ, ಹಿಂದೆ ಯಾರೋ ಕೂಡಿಸಿದ ರೀತಿಯಿಂದ ಕೆಡುವುದೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಟಾಕಿ ಎಲ್ಲಿರಬೇಕು ಎಂಬ ಪ್ರಶ್ನೆ ಕಾರಿನಷ್ಟೇ ಹಳೆಯದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಅದು ಮುಂದಿನ ಸೀಟಿನ ಕೆಳಗಿತ್ತು. ಪಂಪ್ ಇರಲಿಲ್ಲ, ಪೆಟ್ರೋಲು ತನ್ನ ಭಾರದಿಂದಲೇ ಇಳಿದು ಕಾರ್ಬುರೇಟರ್ ಸೇರಬೇಕಿತ್ತು. ಟಾಕಿ ಅರೆಬರೆ ಇದ್ದಾಗ ಕಡಿದಾದ ಏರು ಬಂದರೆ ಪೆಟ್ರೋಲು ಮುಂದಕ್ಕೆ ಬಾರದೆ ಇಂಜಿನ್ ನಿಲ್ಲುತ್ತಿತ್ತು. ಆಗ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಗುಡ್ಡ ಹತ್ತಿಸುತ್ತಿದ್ದರು. ಪಂಪ್ ಬಂದ ಮೇಲೆ ಟಾಕಿ ಹಿಂದಕ್ಕೆ, ಡಿಕ್ಕಿಯ ಕಡೆಗೆ ಸರಿಯಿತು. ಮುಂದೆ ಕೂತವರಿಗೆ ಬೆಂಕಿಯ ಭಯ ಕಡಿಮೆಯಾಯಿತು, ಹಿಂದಿನಿಂದ ಬಂದು ಗುದ್ದುವ ಗಾಡಿಯ ಭಯ ಶುರುವಾಯಿತು. ಅಮೆರಿಕದ ಫೋರ್ಡ್ ಪಿಂಟೊ ಕಾರಿನಲ್ಲಿ ಟಾಕಿ ಹಿಂದಿನ ಆಕ್ಸಲ್ ಮತ್ತು ಬಂಪರ್ ನಡುವೆ ಇತ್ತು. ಗುದ್ದಿದಾಗ ಬೆಂಕಿ ಹತ್ತಿದ ಪ್ರಕರಣಗಳು ಕೋರ್ಟು ಮೆಟ್ಟಿಲೇರಿ, 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ಕಂಪನಿ ವಾಪಸು ಕರೆಸಬೇಕಾಯಿತು. ಅದೇ ಕಂಪನಿಯ ಮೊದಲ ಕಾಲದ ಮಸ್ಟಾಂಗಿನಲ್ಲಂತೂ ಟಾಕಿಯ ಮೇಲ್ಭಾಗವೇ ಡಿಕ್ಕಿಯ ನೆಲ. ಅಂಥ ಕಾರಿನಲ್ಲಿ ಟಾಕಿಯ ಅಂಚಿಗೆ ಸೀಲ್ ಸರಿಯಾಗಿ ಹಚ್ಚದಿದ್ದರೆ ಪೆಟ್ರೋಲಿನ ಆವಿ ನೇರ ಸೀಟಿನವರೆಗೆ ಬರುತ್ತದೆ. ಕಂಪನಿ ಇಟ್ಟ ಜಾಗ ಒಳ್ಳೆಯದೋ ಕೆಟ್ಟದ್ದೋ, ಆ ಜಾಗಕ್ಕೆ ತಕ್ಕ ಮುಚ್ಚಿಗೆ, ಪಟ್ಟಿ, ಸೀಲುಗಳನ್ನು ಅವರೇ ಕೊಟ್ಟಿರುತ್ತಾರೆ. ಒಂದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ.

ನಮ್ಮ ಸೀಮೆಯ ಜೀಪಿನ ಮಾತು ಇಲ್ಲಿ ವಿಸ್ತರಿಸಬೇಕು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಿಂದ ಮಹೀಂದ್ರದ ಸಿಜೆ 3ಬಿ ವರೆಗೆ ಟಾಕಿ ಇರುವುದು ಚಾಲಕನ ಸೀಟಿನ ಕೆಳಗೆ, ನೆಲದಲ್ಲೇ ಮಾಡಿದ ತಗ್ಗಿನಲ್ಲಿ. ಆ ತಗ್ಗಿಗೆ ನೀರು ಹರಿದುಹೋಗುವ ತೂತು ಇರುತ್ತದೆ. ಚಿಮ್ಮನಚೋಡದ ಕಡೆ ಎರೆಮಣ್ಣಿನ ಹೊಲದ ದಾರಿಯಲ್ಲಿ ಓಡಿದ ಜೀಪಿಗೆ ಈ ತೂತು ಎಷ್ಟು ದಿನ ತೆರೆದಿದ್ದೀತು? ಮಳೆಗಾಲದಲ್ಲಿ ಮೆತ್ತಿದ ಕೆಸರು ಬೇಸಿಗೆಯಲ್ಲಿ ಗಟ್ಟಿಯಾಗಿ ತೂತನ್ನು ಮುಚ್ಚುತ್ತದೆ. ಮುಂದಿನ ಮಳೆಗೆ ಟಾಕಿ ತಿಂಗಳಾನುಗಟ್ಟಲೆ ನೀರಿನಲ್ಲಿ ಕೂತಿರುತ್ತದೆ. ಮಾಲೀಕ ಹೊಸ ಟಾಕಿ ತಂದು ಅದೇ ಕೆಸರಿನ ಮೇಲೆ ಇಳಿಸುತ್ತಾನೆ. ಕೆಲವೇ ವರ್ಷಕ್ಕೆ ಅದೂ ತಳದಲ್ಲಿ ಜಂಗು ಹಿಡಿಯುತ್ತದೆ, ಬೈಗುಳ ಟಾಕಿ ಮಾಡಿದವನಿಗೆ ಬೀಳುತ್ತದೆ. ಜೀಪಿಗೆ ಟಾಕಿ ಕೂಡಿಸುವ ಕೆಲಸದಲ್ಲಿ ಮುಕ್ಕಾಲು ಭಾಗ ಆ ತಗ್ಗನ್ನು ಕೆರೆದು, ತೊಳೆದು, ತೂತು ಬಿಡಿಸಿ, ಬಣ್ಣ ಹೊಡೆಯುವುದೇ. ಟಾಕಿ ಇಳಿಸುವುದು ಉಳಿದ ಕಾಲು ಭಾಗ.

ಜೀಪಿಗೆ ಇನ್ನೊಂದು ತೊಡಕಿದೆ. ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಇಂಜಿನ್ ಇಳಿಸುವುದು ಒಂದು ಕಾಲದಲ್ಲಿ ಎಲ್ಲೆಡೆ ನಡೆದಿತ್ತು. ಡೀಸೆಲ್ ಇಂಜಿನ್ ತಾನು ಬಳಸಿ ಉಳಿದ ಎಣ್ಣೆಯನ್ನು ಟಾಕಿಗೆ ವಾಪಸು ಕಳಿಸುತ್ತದೆ, ಅದಕ್ಕೊಂದು ಬೇರೆ ಕೊಳವೆ ಬೇಕು. ಆಗ ಟಾಕಿಯ ತಲೆಗೆ ತೂತು ಕೊರೆದು ಬ್ರೇಜಿಂಗ್ ಮಾಡಿಸಿದ ಆ ಕೊಳವೆ, ಈಗ ಗಾಡಿಯನ್ನು ಮತ್ತೆ ಪೆಟ್ರೋಲಿಗೆ ತಂದಾಗ ಬಾಯಿ ತೆರೆದು ನಿಂತಿರುತ್ತದೆ. ಅದಕ್ಕೆ ರಬ್ಬರ್ ಟ್ಯೂಬಿನ ತುಂಡು ಸಿಕ್ಕಿಸಿ ಬೋಲ್ಟು ತುರುಕಿ ಕೈ ತೊಳೆದುಕೊಳ್ಳುವವರಿದ್ದಾರೆ. ಡೀಸೆಲಿಗೆ ಅದು ಹೇಗೋ ನಡೆದೀತು. ಪೆಟ್ರೋಲಿಗೆ, ಅದೂ ಚಾಲಕನ ಸೀಟಿನ ಕೆಳಗೆ, ನಡೆಯಬಾರದು.

ಇನ್ನು ಟಾಕಿಯ ಉಸಿರು. ಪೆಟ್ರೋಲು ಖಾಲಿಯಾದಷ್ಟೂ ಅದರ ಜಾಗಕ್ಕೆ ಗಾಳಿ ಬರಲೇಬೇಕು. ಹಳೆ ಕಾರುಗಳಲ್ಲಿ ಈ ಗಾಳಿ ಬರುವುದು ಮುಚ್ಚಳದ ಸಣ್ಣ ತೂತಿನಿಂದ ಅಥವಾ ಟಾಕಿಯ ತಲೆಯಿಂದ ಹೊರಟ ತೆಳು ನಳಿಗೆಯಿಂದ. ಮೂಲ ಮುಚ್ಚಳ ಕಳೆದುಹೋಗಿ ಪೇಟೆಯಿಂದ ಬೀಗದ ಮುಚ್ಚಳ ತಂದು ಹಾಕಿದಿರಿ ಎನ್ನಿ, ಅದರಲ್ಲಿ ಗಾಳಿ ತೂತು ಇಲ್ಲದಿದ್ದರೆ ಗಾಡಿ ಸ್ವಲ್ಪ ದೂರ ಚೆನ್ನಾಗಿ ಓಡಿ ಕೆಮ್ಮುತ್ತ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಶುರುವಾಗುತ್ತದೆ. ಮಿಸ್ತ್ರಿ ಪಂಪ್ ಬದಲಿಸುತ್ತಾನೆ, ಕಾರ್ಬುರೇಟರ್ ಬಿಚ್ಚುತ್ತಾನೆ, ಕಾಯಿಲ್ ಬದಲಿಸುತ್ತಾನೆ. ನಿಂತ ಕೂಡಲೇ ಮುಚ್ಚಳ ತಿರುಗಿಸಿ ಕಿವಿಗೊಟ್ಟಿದ್ದರೆ ಸುಯ್ಯೆಂದು ಗಾಳಿ ಒಳನುಗ್ಗುವ ಸದ್ದು ಕೇಳಿ ಅಷ್ಟೂ ಖರ್ಚು ಉಳಿಯುತ್ತಿತ್ತು. ಜೋರಾದ ಪಂಪ್ ಇದ್ದರೆ ಟಾಕಿಯ ಗೋಡೆಯೇ ಒಳಕ್ಕೆ ಜಗ್ಗುವುದುಂಟು.

ಕಲಬುರಗಿ ಜಿಲ್ಲೆಯ ಬಿಸಿಲಿನಲ್ಲಿ ಇದರ ಮಗ್ಗುಲಿನ ಇನ್ನೊಂದು ಲೆಕ್ಕವೂ ಇದೆ. ಪೆಟ್ರೋಲು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸಾವಿರಕ್ಕೆ ಹೆಚ್ಚುಕಡಿಮೆ ಒಂದು ಪಾಲು ಹಿಗ್ಗುತ್ತದೆ. ಬಂಕಿನ ನೆಲದಡಿಯ ತಂಪಿನಿಂದ ಬಂದ 38 ಲೀಟರನ್ನು ಪದ್ಮಿನಿಯ ಟಾಕಿಗೆ ಕಂಠಮಟ್ಟ ತುಂಬಿಸಿ ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿದಿರಿ. 20 ಡಿಗ್ರಿ ಏರಿದರೆ ಸುಮಾರು ಮುಕ್ಕಾಲು ಲೀಟರಿಗೆ ಒಳಗೆ ಜಾಗವಿಲ್ಲ. ಅದು ಗಾಳಿ ನಳಿಗೆಯಿಂದಲೋ ಮುಚ್ಚಳದಿಂದಲೋ ಹೊರಬಿದ್ದು ಬಣ್ಣದ ಮೇಲೆ ಇಳಿಯುತ್ತದೆ. ಟಾಕಿ ಸೋರುತ್ತಿದೆ ಎಂದು ಬಿಚ್ಚಿಸಿ ನೋಡಿದರೆ ಏನೂ ಸಿಗುವುದಿಲ್ಲ. ಈ ಕಾರುಗಳಿಗೆ ಹೊಸ ಕಾರುಗಳಂತೆ ಆವಿಯನ್ನು ಹಿಡಿದಿಡುವ ಇದ್ದಿಲು ಡಬ್ಬಿ ಇಲ್ಲ. ಹೀಗಾಗಿ ಟಾಕಿ ತುಂಬಿಸದೆ ಸ್ವಲ್ಪ ಜಾಗ ಬಿಡುವುದು, ಗಾಳಿ ನಳಿಗೆಯ ಬಾಯಿಯನ್ನು ಸೈಲೆನ್ಸರಿನಿಂದ ದೂರ ಒಯ್ಯುವುದು ಇಲ್ಲಿ ಶೋಕಿಯಲ್ಲ. ಆ ಬಾಯಿ ಎತ್ತರದಲ್ಲೂ ಇರಬೇಕು. ಮುಲ್ಲಾಮಾರಿ ಹೊಳೆ ಉಕ್ಕಿದಾಗ ತಗ್ಗು ಸೇತುವೆಯ ಮೇಲೆ ಹರಿಯುವ ನೀರಿನಲ್ಲಿ ಗಾಡಿ ದಾಟಿಸುವ ದುಸ್ಸಾಹಸ ಬೇಡವೇ ಬೇಡ; ಆದರೆ ರಸ್ತೆಯ ಹೊಂಡದಲ್ಲಿ ನಿಂತ ನೀರೂ ತಗ್ಗಿನಲ್ಲಿರುವ ನಳಿಗೆಯಿಂದ ಟಾಕಿ ಸೇರಬಲ್ಲದು.

ವಾಡಿ, ಶಹಾಬಾದಿನವರಿಗೆ ಸಿಮೆಂಟಿನ ಧೂಳನ್ನು ವಿವರಿಸಬೇಕಿಲ್ಲ. ಟಾಕಿ ಮತ್ತು ಗಾಡಿಯ ಮೈ ನಡುವಿನ ಸಂದಿಯಲ್ಲಿ ಅದು ಸೇರಿ, ತೇವ ಹಿಡಿದು, ಗಟ್ಟಿಯಾಗುತ್ತದೆ. ಕಬ್ಬಿಣ ತಿನ್ನುವುದು ಸಿಮೆಂಟೇ ಎಂದು ಜನ ದೂರುತ್ತಾರೆ. ಅದು ಪೂರ್ತಿ ನಿಜವಲ್ಲ. ಸಿಮೆಂಟಿನ ಕ್ಷಾರ ಉಕ್ಕನ್ನು ಕಾಯುತ್ತದೆ, ಕಾಂಕ್ರೀಟಿನೊಳಗಿನ ಸರಳು ಉಳಿಯುವುದೇ ಹಾಗೆ. ಆದರೆ ಅದೇ ಕ್ಷಾರ ಅಲ್ಯೂಮಿನಿಯಮ್ಮನ್ನು ಮತ್ತು ಸತುವನ್ನು ತಿನ್ನುತ್ತದೆ. ಉಕ್ಕಿಗೆ ನಿಜವಾದ ಶತ್ರು ಧೂಳಿನ ಹೆಂಟೆಯ ಬಿರುಕಿನಲ್ಲಿ ನಿಂತ ನೀರು, ಮತ್ತು ಅದಕ್ಕಿಂತ ಹೆಚ್ಚಾಗಿ ಗಾಡಿ ತಯಾರಾದಾಗಲೇ ಟಾಕಿಯ ಕೆಳಗೆ ಹಾಸಿದ್ದ ಫೆಲ್ಟು. ಹೊಸದಿದ್ದಾಗ ಅದು ಸದ್ದು ತಡೆಯುತ್ತದೆ, ಹಳೆಯದಾದಾಗ ನೀರು ಹೀರಿ ಹಿಡಿದಿಡುತ್ತದೆ. ಮೂಲದಂತೆಯೇ ಇರಬೇಕೆಂಬ ಹಟದವರು ಹೊಸ ಫೆಲ್ಟನ್ನೇ ಹುಡುಕುತ್ತಾರೆ. ಪ್ರದರ್ಶನಕ್ಕೆ ಇಡುವ ಕಾರಿಗೆ ಸರಿ. ಚಿಂಚೋಳಿ ರಸ್ತೆಯಲ್ಲಿ ಓಡುವ ಕಾರಿಗೆ ನೀರು ಹೀರದ ನಿಯೋಪ್ರಿನ್ ರಬ್ಬರಿನ ಪಟ್ಟಿಯೇ ಮೇಲು. ಅದನ್ನೂ ಹಾಳೆಯಂತೆ ಪೂರ್ತಿ ಹಾಸದೆ, ನೀರು ಹರಿದುಹೋಗಲು ದಾರಿ ಬಿಟ್ಟು ಅಂಟಿಸಬೇಕು.

ಈಗ ಲೋಹದ ಜಗಳಕ್ಕೆ ಬರೋಣ. ಹಳೆ ಟಾಕಿಗಳು ಸೀಸ ಮತ್ತು ತವರದ ಲೇಪವಿದ್ದ ಉಕ್ಕಿನ ತಗಡಿನವು. ಆ ತಗಡು ಈಗ ಸುಲಭವಾಗಿ ಸಿಗುವುದಿಲ್ಲ. ಪೇಟೆಯಲ್ಲಿ ಕೈಗೆ ಸಿಗುವುದು ಜಿಐ ತಗಡು, ಅಂದರೆ ಸತು ಹಚ್ಚಿದ್ದು. ಡೀಸೆಲ್ ಟಾಕಿಗೆ ಇದು ಬೇಡ: ಡೀಸೆಲಿನ ಆಮ್ಲಾಂಶ ಸತುವಿನೊಡನೆ ಸೇರಿ ಸಾಬೂನಿನಂಥ ಜಿಡ್ಡಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಥೆನಾಲ್ ಬೆರೆತ ಪೆಟ್ರೋಲಿಗೂ ಸತು ಒಗ್ಗುವುದಿಲ್ಲ. ಅಲ್ಯೂಮಿನಿಯಂ ಹಗುರ, ನೋಡಲು ಚೆಂದ. ಸಿಮೆಂಟ್ ಧೂಳಿನ ಊರಿಗೆ ಅದು ಸರಿಹೋಗದು ಎಂದು ಮೇಲೆ ಹೇಳಿದ್ದೇನೆ. ಸ್ಟೇನ್‌ಲೆಸ್ ಸ್ಟೀಲಿಗೆ ಜಂಗಿನ ಭಯವಿಲ್ಲ, ಆದರೆ ವೆಲ್ಡಿಂಗ್ ಒರಟಾದರೆ ನಡುಕಕ್ಕೆ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಲೋಹ ಯಾವುದಾದರೂ ಸ್ಥಳೀಯವಾಗಿ ಮಾಡಿಸಿದ ಟಾಕಿಗಳಲ್ಲಿ ನಾನು ಹುಡುಕುವುದು ಒಳಗಿನ ಅಡ್ಡಹಾಳೆಗಳನ್ನು. ಪೆಟ್ರೋಲು ತಿರುವಿನಲ್ಲಿ ಒಂದೇ ಕಡೆಗೆ ಧುಮುಕದಂತೆ ತಡೆಯುವವು ಅವು. ಹೊರಗೆ ಕಾಣದ ಕಾರಣಕ್ಕೆ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದೂ ಅವೇ. ಅವಿಲ್ಲದ ಟಾಕಿಯಾದರೆ ಪೆಟ್ರೋಲ್ ಮೀಟರಿನ ಮುಳ್ಳು ಬ್ರೇಕ್ ಹಾಕಿದಾಗಲೆಲ್ಲ ಕುಣಿಯುತ್ತದೆ, ತಿರುವಿನಲ್ಲಿ ಇಂಜಿನ್ ಗಾಳಿ ಹೀರುತ್ತದೆ. ಆದ್ದರಿಂದ ಗೋಡೆ ಗಟ್ಟಿಯಿದ್ದರೆ ಹಳೆಯದನ್ನೇ ಉಳಿಸಿಕೊಳ್ಳಿ ಎಂಬ ಪಂಥದವನು ನಾನು.

ಉಳಿಸಿಕೊಳ್ಳುವುದೆಂದರೆ ತೊಳೆಯುವುದು. ಇದು ಈ ಇಡೀ ಕೆಲಸದಲ್ಲಿ ಜೀವಕ್ಕೆ ಎರವಾಗಬಲ್ಲ ಭಾಗ. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಾಗ ಸಿಡಿಯುತ್ತದೆ. ತುಂಬಿದ ಟಾಕಿಯೊಳಗೆ ಆವಿ ಅದಕ್ಕಿಂತ ದಟ್ಟವಾಗಿರುತ್ತದೆ. ಖಾಲಿ ಮಾಡಿ ತಿಂಗಳು ಒಣಗಿಸಿದ ಟಾಕಿಯಲ್ಲೇ ಅದು ಸಿಡಿಯುವ ಹದಕ್ಕೆ ಬರುವುದು. "ಏನೂ ಇಲ್ರಿ, ಖಾಲಿ ಅದ" ಎಂದು ಗ್ಯಾಸ್ ವೆಲ್ಡಿಂಗಿನ ಜ್ವಾಲೆ ತಗುಲಿಸುವ ಕ್ಷಣಕ್ಕಿಂತ ಅಪಾಯದ ಕ್ಷಣ ಗ್ಯಾರೇಜಿನಲ್ಲಿ ಬೇರೆ ಇಲ್ಲ. ಬಿಸಿ ನೀರು ಮತ್ತು ಸಾಬೂನಿನಿಂದ ಹಲವು ಸಲ ತೊಳೆದು, ಹಬೆ ಹಾಯಿಸಿ, ಬೆಸುಗೆಯ ಜಾಗವೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ನೀರು ತುಂಬಿಸಿ ಕೆಲಸ ಮಾಡುವವನೇ ಬಲ್ಲವನು. ಸಣ್ಣ ತೂತಾದರೆ ಜ್ವಾಲೆಯೇ ಬೇಡ. ತೊಳೆದ ಟಾಕಿಗೆ, ದೂರದಲ್ಲಿ ಕಾಯಿಸಿ ತಂದ ತಾಮ್ರದ ಬೆಸುಗೆ ಕೋಲಿನಿಂದ ಸೋಲ್ಡರ್ ಹಾಕಿದರೆ ಸಾಕು. ಬಿಚ್ಚುವಾಗ ತೆಗೆದ ಪೆಟ್ರೋಲಿಗೂ ಕಾನೂನಿದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲು 30 ಲೀಟರ್ ಮಾತ್ರ. ಗಾಡಿಯ ಟಾಕಿಯಲ್ಲಿ ಇದ್ದಷ್ಟು ಹೊತ್ತು ಅದಕ್ಕೆ ಆ ಮಿತಿಯಿಲ್ಲ. ಅಂಬಾಸಿಡರಿನ 54 ಲೀಟರ್ ಟಾಕಿಯನ್ನು ತುಂಬಿದ್ದಾಗ ಬಿಚ್ಚಲು ಹೊರಡಬೇಡಿ.

ಒಳಗಿನ ಜಂಗು ಬಿಡಿಸಲು ಕಲ್ಲುಚೂರು ಹಾಕಿ ಅಲುಗಾಡಿಸುವ ಪದ್ಧತಿ ಹಳೆಯದು. ಶಹಾಬಾದಿನಲ್ಲಿ ಕೈಚಾಚಿದರೆ ಸಿಗುವುದು ಫರಸಿಯ ಚೂರು, ಅದು ಸುಣ್ಣದ ಕಲ್ಲು. ಒಳಗೆ ಉಳಿದ ಅದರ ಪುಡಿ ಆಮೇಲೆ ಹಾಕುವ ಆಮ್ಲದ ಬಲವನ್ನೆಲ್ಲ ತಿಂದುಬಿಡುತ್ತದೆ. ಕಬ್ಬಿಣದ ನಟ್ಟುಗಳೇ ವಾಸಿ, ಅವನ್ನು ಎಣಿಸಿ ಹಾಕಿ ಎಣಿಸಿ ತೆಗೆಯಬೇಕು. ಬಟ್ಟೆ ಸೋಡಾ ಕಲಸಿದ ನೀರು ತುಂಬಿ ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ಟಾಕಿಗೂ ಪ್ಲಸ್ ತಂತಿಯನ್ನು ಒಳಗೆ ಇಳಿಬಿಟ್ಟ ಸರಳಿಗೂ ಕೊಡುವ ವಿಧಾನ ನಿಧಾನ, ಆದರೆ ಒಳ್ಳೆಯ ಲೋಹವನ್ನು ಮುಟ್ಟುವುದಿಲ್ಲ. ಸರಳು ಟಾಕಿಗೆ ತಾಗಬಾರದು. ಆಗ ಹೊರಡುವ ಹೈಡ್ರೋಜನ್ ಸಹ ಉರಿಯುವಂಥದ್ದೇ, ಅಂಗಳದಲ್ಲಿ ಮಾಡಿ.

ಒಳಗೆ ಸುರಿದು ಸವರುವ ಸೀಲರ್‌ಗಳ ಬಗ್ಗೆ ನನಗೆ ಒಲವಿಲ್ಲ. ಹಳೆ ಬಗೆಯವು ಎಥೆನಾಲಿಗೆ ಸಿಪ್ಪೆ ಸುಲಿದು ಬಂದು ನಳಿಗೆ ಕಟ್ಟುತ್ತವೆ. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಇ20, ಅಂದರೆ ಶೇ 20 ಎಥೆನಾಲ್ ಇರುವ ಪೆಟ್ರೋಲು, ಈಗ ದೇಶದ ಬಂಕುಗಳಲ್ಲೆಲ್ಲ ಮಾಮೂಲು. ಚಿಂಚೋಳಿಯಲ್ಲೇ ಎಥೆನಾಲ್ ಕಾರ್ಖಾನೆ ಬಂದಿದೆ, ಹೀಗಾಗಿ ನಮ್ಮ ಸೀಮೆಗೆ ಇದು ದೂರದ ಸುದ್ದಿಯಲ್ಲ. ಹಳೆ ಕಾರಿನ ರಬ್ಬರ್ ಕೊಳವೆ, ಕಾರ್ಕಿನ ವಾಷರ್, ಪಂಪಿನ ಡಯಾಫ್ರಂ ಯಾವುದೂ ಇದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಇಂಜಿನ್ ಹೀರುವ ನಳಿಗೆ ಇರುವುದೂ ತಳದಲ್ಲೇ. ವರ್ಷಕ್ಕೆ ನಾಲ್ಕು ಸಲ ಹಬ್ಬಕ್ಕೆ ತೆಗೆಯುವ ಕಾರಿಗೆ ಇದೇ ದೊಡ್ಡ ಶಾಪ. ಟಾಕಿ ಬದಲಿಸಿ ಹಳೆ ಕೊಳವೆಗಳನ್ನೇ ಸಿಕ್ಕಿಸುವುದು ಅರ್ಧ ಕೆಲಸ. ಎಥೆನಾಲ್ ತಡೆಯುವ ಇಂಧನ ಕೊಳವೆ ಎಂದು ಮೈಮೇಲೆ ಅಚ್ಚಾದದ್ದನ್ನೇ ಕೇಳಿ ತನ್ನಿ. ನೀರಿನ ಪಾರದರ್ಶಕ ಪೈಪು ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಇಷ್ಟಾದ ಮೇಲೆ ಕೂಡಿಸುವ ಗಳಿಗೆ. ಟಾಕಿ ಎತ್ತುವ ಮುಂಚೆಯೇ, ಒಳಗೆ ಪೆಟ್ರೋಲಿನ ಮಟ್ಟ ಅಳೆಯುವ ಫ್ಲೋಟನ್ನು ಕೈಯಲ್ಲಿ ಎತ್ತಿ ಇಳಿಸಿ ಮೀಟರಿನ ಮುಳ್ಳು ಜೊತೆಗೆ ಓಡುತ್ತದೆಯೇ ನೋಡಬೇಕು, ಅದೂ ಟಾಕಿಯಿಂದ ದೂರದಲ್ಲಿ. ಮೀಟರ್ ಮತ್ತು ಫ್ಲೋಟು ಒಂದೇ ಜೋಡಿಯದಾಗಿರಬೇಕು. ಪದ್ಮಿನಿಯ ಫ್ಲೋಟಿಗೆ ಅಂಬಾಸಿಡರಿನ ಮೀಟರ್ ಹೇಳುವುದು ಬರೀ ಅಂದಾಜು. ಸೋರಿಕೆ ನೋಡಲು ಗಾಳಿ ತುಂಬಿಸುವವರು ಕೈ ಹಿಡಿತದಲ್ಲಿಡಬೇಕು. ಎರಡಡಿ ಉದ್ದ, ಎರಡಡಿ ಅಗಲದ ಟಾಕಿಗೆ ಎರಡು ಪೌಂಡ್ ಒತ್ತಡ ಕೊಟ್ಟರೂ ಮೇಲ್ಮೈಯನ್ನು ತಳ್ಳುವ ಬಲ ಅರ್ಧ ಟನ್ ದಾಟುತ್ತದೆ, ಕಂಪ್ರೆಸರ್ ಹಚ್ಚಿದರೆ ಟಾಕಿ ಕುಂಬಳಕಾಯಿಯಂತೆ ಉಬ್ಬುತ್ತದೆ. ಬಾಯಿಯಿಂದ ಊದಿ ಸಾಬೂನು ನೀರು ಸವರಿದರೂ ಗುಳ್ಳೆ ಕಾಣುತ್ತದೆ.

ಜಾಗಕ್ಕೆ ಎತ್ತಿದಾಗ ಎಲ್ಲ ಬೋಲ್ಟುಗಳೂ ಕೈಯಿಂದಲೇ ಹಿಡಿಯಬೇಕು. ಒಂದು ಮೂಲೆ ಸಿಗದಿದ್ದರೆ ಪಾನಾ ಹಾಕಿ ಎಳೆದು ಸಿಗಿಸುವುದೇ ಮುಂದಿನ ಸೀಳಿಗೆ ಬೀಜ ಬಿತ್ತಿದಂತೆ. ಟಾಕಿ ಬಾಗಿದೆಯೋ ಗಾಡಿಯ ಮೈ ಬಾಗಿದೆಯೋ ಆಗ ನೋಡಬೇಕು, ನಿಂತು ಹೋದ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡನೆಯದು. ತುಂಬುವ ಕೊಳವೆಯನ್ನು ಮೊದಲು ಸಡಿಲವಾಗಿ ಜೋಡಿಸಿ, ಟಾಕಿ ಕೂತ ಮೇಲೆ ಬಿಗಿಯಬೇಕು. ಕ್ರಮ ತಿರುವುಮುರುವಾದರೆ ಕೊಳವೆ ಟಾಕಿಯನ್ನು ಸದಾ ಒಂದು ಪಕ್ಕಕ್ಕೆ ಎಳೆಯುತ್ತಿರುತ್ತದೆ. ಪಟ್ಟಿಗಳು ಟಾಕಿಯನ್ನು ಅಲುಗದಂತೆ ಹಿಡಿದರೆ ಸಾಕು, ತಗಡು ತಗ್ಗಾಗುವಷ್ಟು ಬೇಡ. ರಬ್ಬರು ಒತ್ತಿಕೊಂಡು ತೆಳುವಾಗುವುದರಿಂದ ಕೆಲ ದಿನ ಓಡಿಸಿದ ಮೇಲೆ ಇನ್ನೊಮ್ಮೆ ಪಾನಾ ಹಾಕಲೇಬೇಕು. ಹಾಗೆ ರಬ್ಬರಿನ ಮೇಲೆ, ಬಣ್ಣದ ಪಟ್ಟಿಯೊಳಗೆ ಕೂತ ಟಾಕಿಗೆ ಗಾಡಿಯ ಮೈಯೊಡನೆ ಲೋಹದ ಸಂಪರ್ಕವೇ ತಪ್ಪಿಹೋಗಿರುತ್ತದೆ. ಆಗ ಮೀಟರ್ ಕೆಲಸ ಮಾಡುವುದಿಲ್ಲ, ಪೆಟ್ರೋಲ್ ಹಾಕುವಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೂ ಹರಿದುಹೋಗಲು ದಾರಿಯಿರುವುದಿಲ್ಲ. ಒಂದು ಅರ್ಥಿಂಗ್ ತಂತಿ ಎರಡನ್ನೂ ಬಗೆಹರಿಸುತ್ತದೆ. ಹೊಸ ಟಾಕಿಗೆ ಒಮ್ಮೆಲೇ ತುಂಬಿಸದೆ ಐದು ಲೀಟರ್ ಹಾಕಿ, ಇಳಿಜಾರಿನಲ್ಲಿ ಹಿಂದೆ ಮುಂದೆ ಮಾಡಿ ನಿಲ್ಲಿಸಿ, ಕೆಳಗೆ ಕಾಗದ ಹಾಸಿ ಒಂದು ರಾತ್ರಿ ಬಿಡಿ.

ಇವೆಲ್ಲ ರಗಳೆ ಬೇಡವೆಂದು ಇಂಜಿನ್ ಪಕ್ಕ ಪ್ಲಾಸ್ಟಿಕ್ ಡಬ್ಬಿ ಕಟ್ಟಿ ಅದರಿಂದ ಟ್ಯೂಬ್ ಎಳೆಯುವ ಜುಗಾಡು ನಮ್ಮಲ್ಲಿ ಇದೆ. ಅದಕ್ಕೆ ಸಮಜಾಯಿಷಿಯೇ ಇಲ್ಲ. ಬಿಸಿ ಇಂಜಿನ್, ಡಿಸ್ಟ್ರಿಬ್ಯೂಟರಿನ ಕಿಡಿ, ಬಿಸಿಲಿಗೆ ಮೆತ್ತಗಾಗುವ ಡಬ್ಬಿ ಮೂರೂ ಒಂದೇ ಬಾನೆಟ್ಟಿನ ಕೆಳಗೆ! ಕಾನೂನೂ ಒಪ್ಪುವುದಿಲ್ಲ, ತಯಾರಕರ ನಮೂನೆಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಎ ಸರಣಿಯ ವಿಂಟೇಜ್ ನೋಂದಣಿ ಬೇಕೆಂದರೆ 20,000 ರೂಪಾಯಿ ಶುಲ್ಕದ ಜೊತೆಗೆ ಗಾಡಿ ತನ್ನ ಮೂಲ ರೂಪದಲ್ಲಿರಬೇಕು, ಚಾಸಿ, ಮೈ, ಇಂಜಿನ್ ಮಾರ್ಪಟ್ಟಿರಬಾರದು. ಬೇರೆ ಕಾರಿನ ಟಾಕಿ ಕೂಡಿಸಲು ಡಿಕ್ಕಿಯ ನೆಲ ಕತ್ತರಿಸುವವರು ಆ ಮಾತನ್ನು ಮೊದಲೇ ನೆನಪಿಡುವುದು ಒಳ್ಳೆಯದು.

ಕೊನೆಗೊಂದು ಕೋರಿಕೆ. ಹಳೆ ಟಾಕಿ ಉಳಿಸಲು ಸಾಧ್ಯವೇ ಇಲ್ಲವೆಂದು ಹೊಸದು ಕೂಡಿಸಿದರೂ ಹಳೆಯದನ್ನು ಕಿಲೋ ಲೆಕ್ಕಕ್ಕೆ ಗುಜರಿಗೆ ಕೊಡಬೇಡಿ. ಅದರ ಪಟ್ಟಿ, ಕೊಳವೆಯ ಕೋನ, ಒಳಗಿನ ಅಡ್ಡಹಾಳೆ, ಬೋಲ್ಟಿನ ಅಂತರ ಎಲ್ಲವೂ ಮುಂದಿನ ಮಿಸ್ತ್ರಿಗೆ ನಕ್ಷೆ. ಈ ಗಾಡಿಗಳ ತಯಾರಿಕೆಯೇ ನಿಂತಿದೆ, ಆ ನಕ್ಷೆ ಬೇರೆಲ್ಲೂ ಸಿಗುವುದಿಲ್ಲ. ತೊಳೆದು, ಒಣಗಿಸಿ, ಬಾಯಿ ತೆರೆದಿಟ್ಟು ಅಟ್ಟದ ಮೇಲೆ ಹಾಕಿ.